ಕಡಲ ತಳದಲ್ಲೊಂದು ದಾಸೋಹ



ಸಕಲ ಜೀವರಾಶಿಗೂ ಸೂರ್ಯನೇ ಆಧಾರವೆಂದು ನಾವು ಬಾಲ್ಯದಿಂದಲೂ ಓದಿಕೊಂಡು ಬಂದಿದ್ದೇವೆ. ಬಿಸಿಲಿನಿಂದ ಹಸಿರು, ಹಸಿರಿನಿಂದ ಅನ್ನ, ಅನ್ನದಿಂದ ಪ್ರಾಣ. ಈ ಸರಪಳಿಗೆ ಹೊರತಾಗಿ ಜೀವಿಗಳ ತುಂಬು ಸಂಸಾರವೊಂದು ಬಾಳೀತೆಂದು ವಿಜ್ಞಾನಿಗಳೂ ನಿರೀಕ್ಷಿಸಿರಲಿಲ್ಲ. 1977ರಲ್ಲಿ ಪೆಸಿಫಿಕ್ ಮಹಾಸಾಗರದ ತಳಕ್ಕಿಳಿದವರು ಆ ತಿಳಿವಳಿಕೆಯನ್ನೇ ಬದಲಿಸಿದರು.

ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಗಲಾಪಗೋಸ್ ದ್ವೀಪಗಳ ಸಮೀಪ, ಸಮುದ್ರದಡಿಯಲ್ಲಿ ಜ್ವಾಲಾಮುಖಿಗಳ ಸಾಲೊಂದು ಹಬ್ಬಿದೆ. ಅಲ್ಲಿ ಭೂಮಿಯ ಹೊರಪದರವು ಬಿರಿದು ಇಬ್ಬದಿಗೂ ಸರಿಯುತ್ತಿರುತ್ತದೆ. ಸಮುದ್ರದ ನೀರು ಆ ಬಿರುಕುಗಳಲ್ಲಿ ಇಂಗಿ, ಒಳಗಿನ ಕಾವಿನಿಂದ ಕಾದು, ಖನಿಜಗಳನ್ನು ಕರಗಿಸಿಕೊಂಡು ಮತ್ತೆ ಮೇಲಕ್ಕೆ ಚಿಮ್ಮುತ್ತಿರಬೇಕೆಂಬುದು ಭೂವಿಜ್ಞಾನಿಗಳ ತರ್ಕವಾಗಿತ್ತು. ಆ ಬಿಸಿನೀರಿನ ಬುಗ್ಗೆಗಳನ್ನು ಕಣ್ಣಾರೆ ಕಾಣಲೆಂದೇ ಹಡಗು ಹೊರಟಿತ್ತು. ಮೊದಲು ಕ್ಯಾಮೆರಾವನ್ನು ಇಳಿಬಿಟ್ಟು ಸಾವಿರಾರು ಚಿತ್ರಗಳನ್ನು ತೆಗೆದರು. ಒಂದೆಡೆ ಸ್ವಲ್ಪ ಹೊತ್ತು ನೀರಿನ ಉಷ್ಣತೆ ಏರಿದುದು ದಾಖಲಾಯಿತು. ಆ ಸುಳಿವು ಹಿಡಿದು ಜಾಕ್ ಕಾರ್ಲಿಸ್, ಟ್ಯೇರ್ಡ್ ವಾನ್ ಆಂಡೆಲ್ ಮತ್ತು ಚಾಲಕ ಜಾಕ್ ಡಾನೆಲಿ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಸುಮಾರು 2,500 ಮೀಟರ್ ಆಳಕ್ಕಿಳಿದರು. ಅಲ್ಲಿ ಸೂರ್ಯಕಿರಣದ ಸುಳಿವಿಲ್ಲ. ಒತ್ತಡವಾದರೋ ನೆಲದ ಮೇಲಿನದಕ್ಕಿಂತ ಸುಮಾರು 250 ಪಟ್ಟು.

ಬುಗ್ಗೆಗಳು ದೊರೆತವು. ಅವುಗಳ ಸುತ್ತ ಜೀವಿಗಳ ಊರೇ ನೆಲೆಸಿತ್ತು! ಭಾರಿ ಚಿಪ್ಪುಜೀವಿಗಳು, ಬಿಳಿಯ ಏಡಿಗಳು. ಆ ಯಾತ್ರೆಯಲ್ಲಿಯೇ ಮುಂದೆ ಕಂಡುಬಂದ, ಬಿಳಿಯ ಕೊಳವೆಗಳಿಂದ ಕೆಂಪು ತುರಾಯಿ ಚಾಚಿ ನಿಂತ ಉದ್ದನೆಯ ಹುಳುಗಳು. ಕಲ್ಲು ನೀರುಗಳ ಅಧ್ಯಯನಕ್ಕೆ ಬಂದ ಆ ತಂಡದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ.

ಪೂರ್ಣ ಬೆಳೆದ ಈ ಹುಳುವಿಗೆ ಬಾಯಿಯಿಲ್ಲ, ಜಠರವಿಲ್ಲ. ಹಾಗಾದರೆ ಅದು ಬದುಕುವುದು ಹೇಗೆ? ಕಾಲೀನ್ ಕ್ಯಾವನಾ ಎಂಬ ವಿದ್ಯಾರ್ಥಿನಿಯ 1981ರ ಸಂಶೋಧನೆ ಇದಕ್ಕೆ ಉತ್ತರ ನೀಡಿತು. ಹುಳುವಿನ ಒಡಲಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಮನೆಮಾಡಿವೆ. ಬುಗ್ಗೆಯಿಂದ ಬರುವ, ಕೊಳೆತ ಮೊಟ್ಟೆಯ ವಾಸನೆಯ ಗಂಧಕಾನಿಲವನ್ನೂ ನೀರಿನಲ್ಲಿ ಬೆರೆತ ಆಮ್ಲಜನಕವನ್ನೂ ಹುಳುವು ತನ್ನ ತುರಾಯಿಯಿಂದ ಹೀರಿ ಅವುಗಳಿಗೆ ಉಣಿಸುತ್ತದೆ. ಅವು ಅದರಿಂದ ಆಹಾರ ಸಿದ್ಧಪಡಿಸಿ ಹುಳುವನ್ನು ಪೋಷಿಸುತ್ತವೆ. ಆ ಆಮ್ಲಜನಕವೂ ಮೇಲಿನ ಬಿಸಿಲಿನಲ್ಲಿ ಹಸಿರು ಜೀವಿಗಳು ಹೊರಸೂಸಿದುದೇ. ಕತ್ತಲೆಯ ಆ ಊರೂ ಸೂರ್ಯನ ಹಂಗನ್ನು ಪೂರ್ತಿ ತೊರೆದಿಲ್ಲ. ಒಂದನ್ನೊಂದು ಅವಲಂಬಿಸದೆ ಬಾಳುವ ಜೀವಿ ಎಲ್ಲಿಯೂ ಇಲ್ಲವೆಂಬುದೇ ಇದರ ತಾತ್ಪರ್ಯ.

ಇದನ್ನು ಅರಿತಾಗ ನಮಗೆ ದಾಸೋಹದ ನೆನಪಾಗುವುದು ಸಹಜ. ಆದರೆ ಒಂದು ವ್ಯತ್ಯಾಸವುಂಟು. ಹುಳುವಿಗೆ ಅದು ಪ್ರಕೃತಿಯ ನಿಯಮ; ಹಾಗಲ್ಲದೆ ಅದು ಬದುಕಲಾರದು. ಮನುಷ್ಯನಿಗಾದರೋ ಅದು ಅರಿತು ಕೈಕೊಳ್ಳಬೇಕಾದ ಆಚರಣೆ. ಕೊಡದೆಯೂ ಕೂಡಿಟ್ಟುಕೊಂಡೂ ಇರಬಲ್ಲವನು ಅಹಂಕಾರವಳಿದು ಕೊಟ್ಟಾಗಲೇ ಅದು ದಾಸೋಹವೆನಿಸುತ್ತದೆ.

ಈ ಮಾತು ಇಂದು ನಮ್ಮ ದೇಶಕ್ಕೂ ಅನ್ವಯಿಸುತ್ತದೆ. ಬುಗ್ಗೆಗಳ ಸುತ್ತ ತಾಮ್ರ, ಸತು, ಚಿನ್ನ ಬೆರೆತ ಅದಿರು ಶೇಖರವಾಗಿರುತ್ತದೆ. ಹಿಂದೂ ಮಹಾಸಾಗರದಲ್ಲಿ ಅದನ್ನು ಅನ್ವೇಷಿಸಲು ಭಾರತವು 2016ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ 15 ವರ್ಷಗಳ ಒಪ್ಪಂದ ಮಾಡಿಕೊಂಡಿತು. 2024ರ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನಿಗಳು ಮಾನವರಹಿತ ಯಂತ್ರವನ್ನಿಳಿಸಿ, ಸುಮಾರು 4,500 ಮೀಟರ್ ಆಳದ ಬುಗ್ಗೆಯೊಂದರ ಚಿತ್ರ ಪಡೆದರು. ಹೆಮ್ಮೆಪಡಬೇಕಾದ ಕಾಯಕವಿದು. ಇದೇ ಸಾಗರದ ಬುಗ್ಗೆಗಳ ಬಳಿ ಕಬ್ಬಿಣದಂಶದ ಹುರುಪೆಗಳನ್ನು ಹೊತ್ತ ಬಸವನಹುಳುವೊಂದಿದೆ. ಮುಂದೆ ಗಣಿಗಾರಿಕೆ ನಡೆದರೆ ಅದರ ನೆಲೆಯೇ ಅಳಿದೀತೆಂಬ ಆತಂಕದಿಂದ 2019ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿಗೆ ಸೇರಿಸಲಾಯಿತು.

ತಾಮ್ರವಿಲ್ಲದೆ ನಮ್ಮ ಮನೆಯ ದೀಪವೂ ಉರಿಯದು, ನಿಜ. ಆದರೆ ಅಗತ್ಯವೆಲ್ಲಿ ಮುಗಿಯಿತು, ಆಸೆಯೆಲ್ಲಿ ಮೊದಲಾಯಿತು ಎಂಬುದನ್ನು ಅಳೆಯುವ ಹೊಣೆ ಅರಿವುಳ್ಳವರದು. ಕಡಲ ತಳದ ಹುಳುವಿಗೆ ಆ ಅರಿವಿಲ್ಲ, ನಮಗಿದೆ. ಮನೆಯ ಮಕ್ಕಳಿಗೆ ಈ ಬುಗ್ಗೆಗಳ ಕಥೆ ಹೇಳುವಾಗ ಅಲ್ಲಿ ದೊರೆಯುವ ಚಿನ್ನದೊಂದಿಗೆ ಅಲ್ಲಿ ವಾಸಿಸುವ ಬಸವನಹುಳುವಿನ ಸಂಗತಿಯನ್ನೂ ತಪ್ಪದೆ ಹೇಳೋಣ.