ತಿಂಗಳ ಪೆಟ್ಟಿಗೆ, ತಿಂಗಳ ಕಡಿತ

ಬಣ್ಣಾರಿಯಿಂದ 27 ತಿರುವುಗಳನ್ನು ಏರಿ ದಿಂಬಂ ತಲುಪುವ ಸರಕಿಗೆ ಸಾಗಣೆಯ ವೆಚ್ಚವಿದೆ, ಕಾಯುವ ಹೊತ್ತಿದೆ. ಮೊಬೈಲಿನ ಮೂಲಕ ಘಟ್ಟವಿಳಿದು ಹೋಗುವ ಹಣಕ್ಕೆ ಮಾತ್ರ ತಿರುವುಗಳೂ ಇಲ್ಲ, ರಾತ್ರಿ ಸಂಚಾರದ ನಿರ್ಬಂಧವೂ ಇಲ್ಲ.

ಜಪಾನಿನ ತಿನಿಸುಗಳನ್ನು ತಿಂಗಳಿಗೊಂದು ಪೆಟ್ಟಿಗೆಯಂತೆ ಮನೆಗೆ ಕಳುಹಿಸುವ ಚಂದಾ ವ್ಯಾಪಾರ ಮಕ್ಕಳ ಕಣ್ಸೆಳೆಯುವಂಥದು. ಅಕ್ಕಿಯ ಸೆಂಬೆ, ಅಂಟಕ್ಕಿಯ ಮೋಚಿ ಅದರಲ್ಲಿರುತ್ತವೆ. ಅಕ್ಕಿ ಹಪ್ಪಳ ಬಲ್ಲ ನಾಲಗೆಗೆ ಸೆಂಬೆ ತೀರ ಪರಕೀಯವಲ್ಲ. ಸೋಯಾ ರಸದಲ್ಲಿ ಸಾಮಾನ್ಯವಾಗಿ ಗೋಧಿಯೂ, ಕೆಲವು ತಿನಿಸುಗಳಲ್ಲಿ ಒಣಮೀನಿನ ಸಾರವೂ ಇರುವುದರಿಂದ ಸಸ್ಯಾಹಾರಿಗಳು ಮತ್ತು ಒಗ್ಗದಿರುವವರು ವಿಚಾರಿಸಿ ತಿನ್ನಬೇಕು. ಅನ್ಯನಾಡಿನ ರುಚಿ ನೋಡುವ ಆಸೆ ತಪ್ಪಲ್ಲ. ಹೆಚ್ಚಿನ ಎಚ್ಚರ ಬೇಕಾದುದು ಪೆಟ್ಟಿಗೆಯ ಹಿಂದಿರುವ ಕರಾರಿನಲ್ಲಿ.

ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ತಾಯಿಯ ಫೋನಿನಲ್ಲಿ ಇಂಥ ಪೆಟ್ಟಿಗೆ ತರಿಸಿದಳೆನ್ನಿ. ಒಂದೇ ಪೆಟ್ಟಿಗೆಯೆಂದು ತಿಳಿದ ತಾಯಿ ಒಟಿಪಿ ಹೇಳಿದರು. ವಾಸ್ತವದಲ್ಲಿ ಅದು ಪ್ರತಿ ತಿಂಗಳೂ ಖಾತೆಯಿಂದ ಹಣ ತೆಗೆಯಲು ಕೊಟ್ಟ ಅನುಮತಿ. ಸಾಮಾನ್ಯವಾಗಿ ಕಂತು 15,000 ರೂಪಾಯಿ ಮೀರದಿದ್ದರೆ ಮುಂದೆ ಒಟಿಪಿ ಕೇಳಬೇಕಾಗಿಲ್ಲ. ಅಪ್ರಾಪ್ತರ ಕರಾರು ಅನೂರ್ಜಿತವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿಯೇ ಮೋಹರಿ ಬೀಬಿ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ಆದರೆ ಇಲ್ಲಿ ಖಾತೆಯೂ ತಾಯಿಯದು, ಒಟಿಪಿ ಕೊಟ್ಟವರೂ ತಾಯಿ. ಆ ಆಶ್ರಯ ಸುಲಭವಾಗಿ ದೊರೆಯದು.

ಬೇರೆ ಆಶ್ರಯಗಳಿವೆ. ಕಾರ್ಡಿನ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ಸೂಚನೆ ಕಳುಹಿಸಬೇಕು, ಅನುಮತಿ ಹಿಂಪಡೆಯುವ ದಾರಿಯನ್ನೂ ಒದಗಿಸಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಸೇರುವುದನ್ನು ಸುಲಭಗೊಳಿಸಿ ಬಿಡುವುದನ್ನು ಕಠಿಣಗೊಳಿಸುವ ‘ಚಂದಾ ಬಲೆ’ಯನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಪ್ರಕರಣದಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ದಿಂಬಂನವರಿಗೆ ಅದು ಈರೋಡು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಸಹಾಯವಾಣಿಯ ಸಂಖ್ಯೆ 1915. ಆದರೂ ಮಾರಾಟಗಾರ ವಿದೇಶದಲ್ಲಿದ್ದರೆ ಆದೇಶ ಜಾರಿಗೊಳಿಸುವುದು ಪ್ರಯಾಸದ ಕೆಲಸ. ಆದ್ದರಿಂದ ಬ್ಯಾಂಕಿನಲ್ಲಿ ಅನುಮತಿಯನ್ನು ರದ್ದುಪಡಿಸುವುದೇ ಮೊದಲ ಹೆಜ್ಜೆಯಾಗಬೇಕು.

ತೊಡಕಿರುವುದು ಆ ಸೂಚನೆಯನ್ನು ಓದುವುದರಲ್ಲಿ. ಅದು ಇಂಗ್ಲಿಷಿನಲ್ಲಿ ಬಂದರೆ ಮನೆಯಲ್ಲಿ ಓದಬಲ್ಲವಳು ಆ ಬಾಲಕಿಯೊಬ್ಬಳೇ ಇರಬಹುದು. ಬೈಗುಳಕ್ಕೆ ಹೆದರಿ ಅವಳು ಅಳಿಸಿಬಿಟ್ಟರೆ ತಾಯಿಯ ಹಕ್ಕು ಕಾಗದದಲ್ಲಿ ಉಳಿಯುತ್ತದೆ, ಹಣ ಹೋಗುತ್ತದೆ. ಹೆದರಿಕೆಯಿಲ್ಲದೆ ಹೇಳಬಹುದೆಂಬ ಭರವಸೆಯನ್ನು ಹಿರಿಯರು ಮೊದಲು ಕೊಡಬೇಕು. ಆಗ ಮಗಳು ಆ ಸೂಚನೆಯ ಅರ್ಥವನ್ನು ತಾಯಿಗೆ ಕನ್ನಡದಲ್ಲಿ ಬಿಡಿಸಿ ಹೇಳಿಯಾಳು. ಕೇಳಿದ ತಾಯಿ ‘ಸಾಕು’ ಎನ್ನಬಹುದು, ‘ಇನ್ನೊಂದು ತಿಂಗಳು ಬರಲಿ’ ಎನ್ನಲೂಬಹುದು. ಯಾವುದನ್ನು ಹೇಳಿದರೂ ಅದು ಅರಿತು ಹೇಳಿದ ಮಾತಾಗಿರುತ್ತದೆ.