ಸದ್ದಾಂ ‘ಗೊತ್ತಿಲ್ಲ’ ಅಂದಾಗ

ಜೀವನವಿಡೀ ಸುಳ್ಳು ಹೇಳಿದ ಒಬ್ಬ ಮನುಷ್ಯ ಕೊನೆಗೂ ಸಿಕ್ಕಿಬಿದ್ದಿದ್ದಾನೆ. ಅವನಿಗೆ ಒಂದು ಪ್ರಶ್ನೆ ಕೇಳ್ತೀರಿ. ಅವನು “ನಂಗೊತ್ತಿಲ್ಲ” ಅಂತಾನೆ. ನಂಬಬೇಕಾ, ಬೇಡವಾ?

ಹೋದ ವಾರ ಮೆಸ್‌ನಲ್ಲಿ ಊಟಕ್ಕೆ ಕೂತಾಗ ನಮ್ಮ ಗುಂಪಿನಲ್ಲಿ ಈ ವಾದ ಶುರುವಾಯ್ತು. ಮೂರು ಜನ “ನಂಬಲೇಬಾರದು” ಅಂದರು. ಒಬ್ಬ “ಸಾರು ತಣ್ಣಗಾಗ್ತಿದೆ, ಮೊದಲು ಊಟ ಮಾಡ್ರೋ” ಅಂದ. ವಾದ ಹುಟ್ಟಿದ್ದು ಸದ್ದಾಂ ಹುಸೇನ್ ವಿಷಯಕ್ಕೆ. ಅವನಿಗೆ ಗಲ್ಲು ಆಗಿದ್ದು 2006ರ ಡಿಸೆಂಬರ್ 30ರಂದು. ಆಗ ನಾವು ತೊಟ್ಟಿಲಲ್ಲಿದ್ದೆವು. ನಮ್ಮ ಅಪ್ಪ ಅಮ್ಮಂದಿರಿಗೆ ಅವನು ಟೀವಿಯಲ್ಲಿ ದಿನಾ ಕಂಡ ಮುಖ, ನಮಗೆ ಬರೀ ಜಿಕೆ ಪ್ರಶ್ನೆ. ಆದರೂ ಈ ಕಥೆ ಓದಿದ ಮೇಲೆ ಅದನ್ನು ಬರೆಯದೇ ಇರೋಕೆ ಆಗಲಿಲ್ಲ.

ಕಥೆ ಇಷ್ಟು. 1991ರ ಜನವರಿ 17, ಗಲ್ಫ್ ಯುದ್ಧದ ಮೊದಲ ರಾತ್ರಿ. ಸರಟೋಗ ಎಂಬ ಅಮೆರಿಕದ ವಿಮಾನವಾಹಕ ಹಡಗಿನಿಂದ ಹಾರಿದ ಒಂದು ಎಫ್/ಎ-18 ಹಾರ್ನೆಟ್ ವಾಪಸ್ ಬರಲಿಲ್ಲ. ಅದರ ಪೈಲಟ್ ಮೈಕೆಲ್ ಸ್ಕಾಟ್ ಸ್ಪೈಕರ್. ವಯಸ್ಸು 33, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಯುದ್ಧದ ಮೊದಲ ಸಾವು ಇದೇ ಅಂತ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡಿಕ್ ಚೆನಿ ಬೇಗನೇ ಹೇಳಿಬಿಟ್ಟರು. ಅದೇ ವರ್ಷ ಕಡತದಲ್ಲೂ ‘ಯುದ್ಧದಲ್ಲಿ ಮರಣ’ ಎಂದು ಬರೆದಾಯ್ತು. ಆದರೆ ದೇಹ ಸಿಕ್ಕಿರಲಿಲ್ಲ.

ಮುಂದೆ 1993ರಲ್ಲಿ, ಮರುಭೂಮಿಗೆ ಬೇಟೆಗೆ ಬಂದಿದ್ದ ಕತಾರ್‌ನ ಒಂದು ಗುಂಪಿಗೆ ಆ ವಿಮಾನದ ಅವಶೇಷ ಕಂಡಿತು. 1995ರಲ್ಲಿ ರೆಡ್‌ಕ್ರಾಸ್ ಮಧ್ಯಸ್ಥಿಕೆಯಲ್ಲಿ ಅಮೆರಿಕದ ತಂಡವೊಂದು ಅಲ್ಲಿಗೆ ಹೋಯ್ತು. ಕಾಕ್‌ಪಿಟ್‌ನ ಮುಚ್ಚಳ ವಿಮಾನದಿಂದ ದೂರದಲ್ಲಿ ಬಿದ್ದಿತ್ತು. ಪೈಲಟ್ ಹಾಕುವ ಹಾರಾಟದ ಉಡುಪೂ ಸಿಕ್ಕಿತು. ಅಂದರೆ ಅವನು ಹೊರಗೆ ಜಿಗಿದಿರಬಹುದಾ? ಬದುಕಿದ್ದಾನಾ? 2001ರ ಜನವರಿಯಲ್ಲಿ ಅಮೆರಿಕದ ನೌಕಾಪಡೆ ‘ಮರಣ’ ಎಂಬುದನ್ನು ಹೊಡೆದುಹಾಕಿ ‘ಕಾಣೆ’ ಎಂದು ಬರೆಯಿತು. 2002ರ ಅಕ್ಟೋಬರ್‌ನಲ್ಲಿ ಅದು ‘ಕಾಣೆ, ಸೆರೆ’ ಅಂತಾಯ್ತು. ಸತ್ತವನು ಕಾಗದದ ಮೇಲೆ ಹಂತ ಹಂತವಾಗಿ ಜೀವಂತ ಆಗ್ತಾ ಹೋದ. ಎರಡನೇ ಯುದ್ಧ ಹತ್ತಿರ ಬರ್ತಾ ಇದ್ದ ಕಾಲ ಅದು ಅನ್ನೋದನ್ನೂ ಮರೆಯಬಾರದು.

2003ರಲ್ಲಿ ಅಮೆರಿಕದ ಸೈನ್ಯ ಬಾಗ್ದಾದ್ ಹಿಡಿದಾಗ ಜೈಲುಗಳನ್ನು ಜಾಲಾಡಿದರು. ಒಂದು ಸೆರೆಕೋಣೆಯ ಗೋಡೆ ಮೇಲೆ ಎಂ.ಎಸ್.ಎಸ್. ಎಂಬ ಅಕ್ಷರಗಳು ಕಂಡವು. ಅವನ ಹೆಸರಿನ ಮೊದಲಕ್ಷರಗಳೇ! ಎಷ್ಟು ಮನಸ್ಸುಗಳು ಹಾರಿಬಿದ್ದಿರಬೇಕು, ಊಹಿಸಿ. ಅದೇ ಡಿಸೆಂಬರ್ 13ರಂದು ತಿಕ್ರಿತ್ ಹತ್ತಿರ, ನೆಲದೊಳಗಿನ ಒಂದು ಗುಂಡಿಯಲ್ಲಿ ಸದ್ದಾಂ ಸಿಕ್ಕಿಬಿದ್ದ. ಆರಂಭದಲ್ಲೇ ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು ಅಂತ ಆಗಿನ ವರದಿಗಳು ಹೇಳುತ್ತವೆ: ಆ ಪೈಲಟ್ ಎಲ್ಲಿ? ನಾವು ಯಾರನ್ನೂ ಸೆರೆಯಲ್ಲಿ ಇಟ್ಟುಕೊಂಡಿಲ್ಲ, ಅವನಿಗೆ ಏನಾಯ್ತೋ ಗೊತ್ತಿಲ್ಲ ಅನ್ನೋ ಅರ್ಥದ ಉತ್ತರ ಬಂತು.

ಯಾರು ನಂಬ್ತಾರೆ? ಹಲಬ್ಜದಲ್ಲಿ ತನ್ನದೇ ದೇಶದ ಕುರ್ದ್ ಜನರ ಮೇಲೆ ವಿಷಾನಿಲ ಹಾಕಿಸಿದವನು, ಕುವೈತ್ ನುಂಗೋಕೆ ಹೋದವನು. ಚಿಕ್ಕಂದಿನಲ್ಲಿ ಅಜ್ಜಿ ಹೇಳ್ತಿದ್ದ ‘ತೋಳ ಬಂತು ತೋಳ’ ಕಥೆ ನೆನಪಾಗುತ್ತೆ. ನಿಜವಾಗಿ ತೋಳ ಬಂದಾಗ ಆ ಹುಡುಗ ಕೂಗಿದ್ದು ಸತ್ಯವೇ, ಕೇಳುವವರು ಮಾತ್ರ ಇರಲಿಲ್ಲ.

2009ರ ಬೇಸಿಗೆಯಲ್ಲಿ ಉತ್ತರ ಸಿಕ್ಕಿತು. ಒಬ್ಬ ಇರಾಕಿ ಪ್ರಜೆ ಕೊಟ್ಟ ಮಾಹಿತಿ ಹಿಡಿದು ಅಮೆರಿಕದ ಸೈನಿಕರು ಅನ್ಬರ್ ಪ್ರಾಂತ್ಯದ ಮರುಭೂಮಿಯಲ್ಲಿ ಅಗೆದರು. ಮೂಳೆಗಳು ಸಿಕ್ಕವು. ದವಡೆ ಮತ್ತು ಹಲ್ಲುಗಳ ದಾಖಲೆ ಹೋಲಿಸಿ, ಇವನೇ ಸ್ಪೈಕರ್ ಅಂತ ಗುರುತಿಸಿದರು. ವಿಮಾನ ಬಿದ್ದ ದಿನಗಳಲ್ಲೇ ಅಲ್ಲಿನ ಬೆಡೂಯಿನ್ ಅಲೆಮಾರಿಗಳು ಶವವನ್ನು ಕಂಡು ಮಣ್ಣು ಮಾಡಿದ್ದರಂತೆ. ಅಂದರೆ ಜೈಲು ಇರಲಿಲ್ಲ. ಗೋಡೆ ಮೇಲಿನ ಅಕ್ಷರ ಅವನದ್ದಾಗಿರಲಿಲ್ಲ. ಹದಿನೆಂಟು ವರ್ಷ ಅವನು ಅಲ್ಲೇ ಮರಳಿನ ಕೆಳಗಿದ್ದ. ಸದ್ದಾಂ ಆ ಒಂದು ಸಲ ಸುಳ್ಳು ಹೇಳಿರಲಿಲ್ಲ ಅಂತಲೇ ಕಾಣುತ್ತೆ.

ಇಲ್ಲಿಗೆ ಬಂದಾಗ ನಮ್ಮ ಮೆಸ್ ಮೇಜಿನ ವಾದ ತಿರುಗಿತು. “ಹಾಗಾದ್ರೆ ಪಾಪ ಸದ್ದಾಂ ಅಂತೀರಾ?” ಅಂತ ಒಬ್ಬಳು ಕೇಳಿದಳು. ಇಲ್ಲ. ನಾವು ಹೇಳ್ತಿರೋದು ಅದಲ್ಲ. ಆ ಪ್ರಶ್ನೆ ಕೇಳಿದ್ದು ನೂರಕ್ಕೆ ನೂರು ಸರಿ. ಮನೆಯವರಿಗೆ ಆ ಪ್ರಶ್ನೆ ಕೇಳಿಸುವ ಹಕ್ಕಿತ್ತು. ತಪ್ಪಾಗಿದ್ದು ಬೇರೆ ಕಡೆ: ಉತ್ತರದ ಬೀಗದಕೈ ದೊಡ್ಡವನ ಜೇಬಲ್ಲೇ ಇರಬೇಕು ಅಂತ ನಂಬಿದ್ದು.

ನಮಗೂ ಈ ಚಟ ಇದೆ. ಹೋದ ಸೆಮಿಸ್ಟರ್ ಲ್ಯಾಬ್‌ನಲ್ಲಿ ಒಂದು ಮಲ್ಟಿಮೀಟರ್ ಕಾಣೆಯಾಯ್ತು. ಹಿಂದೆ ಒಂದು ಸಲ ಏನೋ ತೆಗೆದುಕೊಂಡು ಹೋಗಿ ಸಿಕ್ಕಿಬಿದ್ದಿದ್ದ ಹುಡುಗನನ್ನೇ ಎಲ್ಲರೂ ಹಿಡಿದುಕೊಂಡೆವು. “ನಾನು ತಗೊಂಡಿಲ್ಲ ಕಣ್ರೋ” ಅಂತ ಅವನು ಹೇಳಿದಷ್ಟೂ ನಮ್ಮ ಅನುಮಾನ ಜಾಸ್ತಿ ಆಯ್ತು. ಮೂರು ದಿನ ಆದ ಮೇಲೆ ಲ್ಯಾಬ್ ಗುಡಿಸುವ ಅಕ್ಕ “ಆ ಹಳದಿ ಮಿಷನ್ನಾ? ಕೆಳಗೆ ಬಿದ್ದಿತ್ತು, ಹಿಂದಿನ ಬೀರುವಿನಲ್ಲಿ ಇಟ್ಟಿದೀನಿ” ಅಂದರು. ದಿನಾ ನಮ್ಮ ಮುಂದೇನೇ ಓಡಾಡ್ತಿದ್ದವರು. ನಮ್ಮಲ್ಲಿ ಒಬ್ಬರೂ ಅವರನ್ನು ಕೇಳಿರಲಿಲ್ಲ. ಆ ಹುಡುಗನ ಹತ್ತಿರ ಸಾರಿ ಕೇಳೋಕೂ ನಮಗೆ ಮುಖ ಇರಲಿಲ್ಲ.

ಆದರೆ ಲ್ಯಾಬ್‌ಗೂ ಇರಾಕಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದೇ ನಮ್ಮ ಮುಖ್ಯ ಮಾತು. ನಮ್ಮ ಅಕ್ಕನಿಗೆ ಭಯ ಇರಲಿಲ್ಲ, ಕೇಳಿದ್ದರೆ ಅವತ್ತೇ ಹೇಳಿಬಿಡ್ತಿದ್ದರು. ಸದ್ದಾಂ ಕಾಲದ ಇರಾಕಿನಲ್ಲಿ ಒಬ್ಬ ಕುರಿ ಕಾಯುವವನು ‘ಅಮೆರಿಕದ ಪೈಲಟ್ ಹೆಣವನ್ನು ನಾವು ಮಣ್ಣು ಮಾಡಿದೆವು’ ಅಂತ ಯಾರ ಹತ್ತಿರ ಹೇಳಬೇಕಿತ್ತು? ಹೇಳಿದ್ದರೆ ಅವನ ಗತಿ? ಸರ್ವಾಧಿಕಾರಿ ಅಂದರೆ ಸುಳ್ಳು ಹೇಳುವವನು ಮಾತ್ರ ಅಲ್ಲ. ನಿಜ ಗೊತ್ತಿರುವವರ ಬಾಯಿ ಮುಚ್ಚಿಸಿ, ಬಾಯಿ ಬಿಡುವವರ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡುವವನು. ಆ ‘ಗೊತ್ತಿಲ್ಲ’ ನಿಜವಾಗಿದ್ದರೂ ಅದು ಅವನನ್ನು ಬಿಡುಗಡೆ ಮಾಡಲ್ಲ. ಅವನಿಗೂ ಗೊತ್ತಾಗದ ಹಾಗೆ, ಮನೆಯವರಿಗೂ ಗೊತ್ತಾಗದ ಹಾಗೆ ಒಂದು ದೇಶವನ್ನು ಕಟ್ಟಿದ್ದು ಅವನೇ ತಾನೇ?

ಬರೀ ಸದ್ದಾಂನನ್ನು ಬೈದು ಮುಗಿಸೋದೂ ಸುಲಭ. ವಿಚಾರಣೆ ಮಾಡಿದವರ ತಲೆಯಲ್ಲೂ ಉತ್ತರ ಮೊದಲೇ ಇತ್ತು. ಸಾಮೂಹಿಕ ನಾಶದ ಅಸ್ತ್ರಗಳು ಇಲ್ಲ ಅಂತಲೂ ಇರಾಕ್ ಹೇಳಿತ್ತು. ಯುದ್ಧ ಆದಮೇಲೆ ಹುಡುಕಿದರೆ ಅಂಥ ದಾಸ್ತಾನು ಸಿಗಲೇ ಇಲ್ಲ. ನಾವು ಇಂಜಿನಿಯರಿಂಗ್ ಓದೋರು. ಕೆಟ್ಟಿರುವ ಸೆನ್ಸರ್ ಸೊನ್ನೆ ತೋರಿಸಿದರೆ ಅದನ್ನು ನಂಬಲ್ಲ, ಸರಿ. ಹಾಗಂತ ಅಲ್ಲಿ ನೂರು ಇದೆ ಅಂತ ರೆಕಾರ್ಡ್ ಪುಸ್ತಕದಲ್ಲಿ ಬರೆಯೋದೂ ಇಲ್ಲ. ಇನ್ನೊಂದು ಸೆನ್ಸರ್ ತಂದು ಇಡ್ತೀವಿ. ಸುಳ್ಳುಗಾರನ ‘ಇಲ್ಲ’ ಅನ್ನೋದು ‘ಹೌದು’ ಆಗಲ್ಲ. ಅದು ಬರೀ ಖಾಲಿ ಜಾಗ.

ಇನ್ನೊಂದು ಸಂಗತಿ. 2002ರ ಸೆಪ್ಟೆಂಬರ್ 12ರಂದು ಅಧ್ಯಕ್ಷ ಬುಷ್ ವಿಶ್ವಸಂಸ್ಥೆಯಲ್ಲಿ ಮಾತಾಡುವಾಗ, ಗಲ್ಫ್ ಯುದ್ಧದ ಕಾಲದಿಂದ ಪತ್ತೆ ಇಲ್ಲದ 600ಕ್ಕೂ ಹೆಚ್ಚು ಜನರ ಬಗ್ಗೆ ಹೇಳಿದರು. ಅವರಲ್ಲಿ ಹೆಚ್ಚಿನವರು ಕುವೈತಿನವರು. ಆ ಪಟ್ಟಿಯಲ್ಲಿ ಭಾರತೀಯರೂ ಇದ್ದರು, ಒಬ್ಬ ಅಮೆರಿಕನ್ ಪೈಲಟ್ ಕೂಡ. ಆ ಒಬ್ಬನ ಹೆಸರು ನಮಗೆ ಇವತ್ತು ಗೊತ್ತು. ಉಳಿದವರಲ್ಲಿ ಹಲವರ ಮೂಳೆಗಳು 2003ರ ನಂತರ ಇರಾಕಿನ ಸಾಮೂಹಿಕ ಗೋರಿಗಳಲ್ಲಿ ಸಿಕ್ಕವು, ಇನ್ನೂ ಹಲವರು ಸಿಕ್ಕಿಲ್ಲ. ಅವರ ಹೆಸರು ಒಂದೂ ನಮಗೆ ಬಾಯಿಗೆ ಬರಲ್ಲ.

ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಕಥೆ ಇಲ್ಲಿ ನೆನಪಾಗುತ್ತೆ. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್ ನಂದಾ ಕಾರ್ಯಪ್ಪ, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿ ಆಳ್ತಿದ್ದ ಅಯೂಬ್ ಖಾನ್ ಕೂಡ ಮಿಲಿಟರಿ ಸರ್ವಾಧಿಕಾರಿಯೇ, ಆದರೆ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗ ಕ್ಷೇಮ, ಬೇಕಾದರೆ ಬಿಡ್ತೀವಿ ಅಂತ ಆ ಕಡೆಯಿಂದ ಮಾತು ಬಂತಂತೆ. ಅಲ್ಲಿ ಸೆರೆಯಲ್ಲಿರೋರೆಲ್ಲ ನನ್ನ ಮಕ್ಕಳೇ, ಬಿಡೋದಾದರೆ ಎಲ್ಲರನ್ನೂ ಬಿಡಿ ಅಂದರಂತೆ ಅಪ್ಪ. ಈ ಕಥೆಯನ್ನು ಆಗಸ್ಟ್ 15ರ ಭಾಷಣಗಳಲ್ಲಿ ಕೇಳಿ ಚಪ್ಪಾಳೆ ಹೊಡೆದಿದ್ದೀವಿ. ಆದರೆ ಅದರ ಅರ್ಥ ನಮಗೆ ತಾಗಿದ್ದು ಈ 600 ಜನರ ಲೆಕ್ಕ ಓದಿದ ಮೇಲೆ. ಒಬ್ಬನ ಬಗ್ಗೆ ಕೇಳುವ ಪ್ರಶ್ನೆ ಎಲ್ಲರ ಬಗ್ಗೆಯೂ ಆಗಿರಬೇಕು.

ಸ್ನೇಹಿತರೇ, ನಾವೇನೂ ಯಾವ ಸರ್ವಾಧಿಕಾರಿಯನ್ನೂ ವಿಚಾರಣೆ ಮಾಡಲ್ಲ. ಆದರೆ ಏನಾದರೂ ಕಾಣೆಯಾದಾಗ, ಯಾರಾದರೂ ಕಾಣೆಯಾದಾಗ, ಮೊದಲು ಯಾರ ಕಡೆ ಬೆರಳು ತೋರಿಸ್ತೀವಿ, ಯಾರನ್ನು ಕೇಳೋದೇ ಇಲ್ಲ ಅಂತ ಒಮ್ಮೆ ನೋಡಿಕೊಳ್ಳೋಣ. ಆ ಮಲ್ಟಿಮೀಟರ್ ಹುಡುಗನಿಗೆ ಈ ಲೇಖನ ಕಳಿಸ್ತಾ ಇದ್ದೀವಿ. ಸಾರಿ ಕಣೋ. ತಡವಾಯ್ತು.