ಅಂಗಡಿಯವರಿಗೂ ಬೇಕು ಓದು

“ದೇಶ ಸುತ್ತು, ಕೋಶ ಓದು” ಎಂದರು ಹಿರಿಯರು. ಅಂಗಡಿ ನಡೆಸುವವರಿಗೆ ಓದು ಏತಕ್ಕೆ ಎಂದು ಕೇಳುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು.

ದಿನವಿಡೀ ಗಿರಾಕಿಗಳಿದ್ದೂ ಮುಚ್ಚಿಹೋಗುವ ಅಂಗಡಿಗಳಿವೆ. ಮನೆಯ ಹಣವೂ ಅಂಗಡಿಯ ಹಣವೂ ಒಂದೇ ಪೆಟ್ಟಿಗೆಯಲ್ಲಿ ಬೆರೆತರೆ, ಕೊಟ್ಟ ಸಾಲವನ್ನು ಬರೆದಿಡದಿದ್ದರೆ, ಲಾಭವೆಷ್ಟು, ನಷ್ಟವೆಷ್ಟು ಎಂಬುದು ಯಜಮಾನರಿಗೇ ತಿಳಿಯದು. ಇಟಲಿಯ ಲೂಕಾ ಪಚೋಲಿ ಎಂಬ ಕ್ರೈಸ್ತ ಸನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ, ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆದು ತಾಳೆ ನೋಡುವ ಅಲ್ಲಿನ ವರ್ತಕರ ಕ್ರಮವನ್ನು ವಿವರಿಸಿದನು. ಇಂದಿನ ಲೆಕ್ಕಶಾಸ್ತ್ರಕ್ಕೂ ಅದೇ ತಳಹದಿ. ಆದುದರಿಂದ ಲೆಕ್ಕ ಬರೆಯಲು ಕಲಿಸುವ ಪುಸ್ತಕವೇ ಮೊದಲನೆಯದು.

ಎರಡನೆಯದು ಅಮೆರಿಕದ ಮೈಕೇಲ್ ಗರ್ಬರ್ 1986ರಲ್ಲಿ ಪ್ರಕಟಿಸಿದ ‘ದಿ ಇ-ಮಿತ್’. ಕೆಲಸ ಬಲ್ಲವರೆಲ್ಲ ಆ ಕೆಲಸದ ಉದ್ಯಮವನ್ನೂ ನಡೆಸಬಲ್ಲರೆಂಬುದು ಭ್ರಮೆ ಎಂದು ಅದು ಎಚ್ಚರಿಸುತ್ತದೆ. ಅಂದವಾಗಿ ಹೊಲಿಯಬಲ್ಲವರೂ ಬಟ್ಟೆಯ ಖರೀದಿ, ಕೂಲಿ, ಬಾಡಿಗೆಗಳ ಲೆಕ್ಕದಲ್ಲಿ ಸೋಲಬಹುದಷ್ಟೆ. ತಿಂಗಳೊಪ್ಪತ್ತಿನಲ್ಲಿ ಸಿರಿವಂತರಾಗಿರೆಂದು ಆಸೆ ಹುಟ್ಟಿಸುವ ಪುಸ್ತಕಗಳಂತೂ ನಮಗೆ ಬೇಡವೇ ಬೇಡ.

ಇಂಗ್ಲಿಷಿನಲ್ಲಿರುವುದನ್ನು ಗುರುಗಳು ಕನ್ನಡದಲ್ಲಿ ತಿಳಿಸಿಕೊಡಲಿ. ಶಾಲೆಯ ವಾಚನಾಲಯದಲ್ಲಿ ಇಂಥ ಪುಸ್ತಕಗಳಿಗೆ ಒಂದು ಕಪಾಟು ಮೀಸಲಾಗಲಿ. ಗಡಿನಾಡಿನವರಾದ ನಮಗೆ ಕನ್ನಡ, ತುಳು, ಮಲಯಾಳಗಳಲ್ಲಿ ಗಿರಾಕಿಗಳನ್ನು ಮಾತನಾಡಿಸಲು ಬರುತ್ತದೆ. ಲೆಕ್ಕದ ಭಾಷೆಯೊಂದನ್ನೂ ಕಲಿತರೆ ಹಿರಿಯರು ಕಟ್ಟಿದ ಅಂಗಡಿ ಕೈತಪ್ಪಿ ಹೋಗದು. ಪೋಷಕರೇ, ಮಕ್ಕಳಿಗೆ ನಿಮ್ಮ ಲೆಕ್ಕಪುಸ್ತಕವನ್ನು ತೋರಿಸಿರಿ. ವಿದ್ಯಾರ್ಥಿಮಿತ್ರರೇ, ದಿನಕ್ಕೊಂದು ಪುಟವನ್ನು ನೀವೇ ಬರೆಯಿರಿ.